ಬೆಳಗಿನ ಟಿಕ್ ಟಿಕ್ ಸದ್ದು: ಟ್ಯಾಪೆಟ್ಟೋ, ಎಕ್ಸಾಸ್ಟ್ ಮ್ಯಾನಿಫೋಲ್ಡೋ?

ತಮ್ಮ ಹಳೆಯ ಪೆಟ್ರೋಲ್ ಕಾರು ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಟಿಕ್ ಟಿಕ್ ಎನ್ನುತ್ತದೆ, ಎಂಜಿನ್ ಬಿಸಿಯಾದ ಮೇಲೆ ಸದ್ದು ಅಡಗುತ್ತದೆ, ಮೆಕ್ಯಾನಿಕ್ ಇದನ್ನು ಟ್ಯಾಪೆಟ್ (ಎಂಜಿನ್ನಿನ ವಾಲ್ವುಗಳನ್ನು ತಳ್ಳಿ ತೆರೆಯುವ ಭಾಗ) ಸದ್ದು ಎನ್ನುತ್ತಿದ್ದಾರೆ, ಅದು ನಿಜವೇ ಎಂದು ಕೇಳಿದ್ದೀರಿ. ನನ್ನ ಮೊದಲ ಅನುಮಾನ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಮೇಲೆ.

ಎಲ್ಲ ಸಿಲಿಂಡರುಗಳ ಹೊಗೆಯನ್ನು ಒಂದೇ ಕೊಳವೆಗೆ ಕೂಡಿಸುವ ಈ ಭಾಗವು ದಿನವೂ ನೂರಾರು ಡಿಗ್ರಿ ಕಾದು ತಣಿಯುವುದರಿಂದ ಕ್ರಮೇಣ ಬಾಗಬಹುದು, ಬಿರುಕು ಬಿಡಬಹುದು, ಇಲ್ಲವೇ ಎಂಜಿನ್ನಿಗೂ ಅದಕ್ಕೂ ನಡುವಿನ ಸಂದಿ ಮುಚ್ಚುವ ತೆಳು ಹಾಳೆಯಾದ ಗ್ಯಾಸ್ಕೆಟ್ ಸುಟ್ಟುಹೋಗಬಹುದು; ತಣ್ಣಗಿರುವಾಗ ಆ ಸಂದಿಯಿಂದ ಹೊಗೆ ಚಿಮ್ಮುತ್ತದೆ, ಕಾದಾಗ ಲೋಹ ಹಿಗ್ಗಿ ಸಂದಿ ಮುಚ್ಚಿಕೊಳ್ಳುತ್ತದೆ. ವಾಲ್ವ್ ತೆರೆಯುವುದೂ ಸಿಲಿಂಡರಿನ ಹೊಗೆ ಹೊರಬೀಳುವುದೂ ಎಂಜಿನ್ನಿನ ಮುಖ್ಯ ತಿರುಗುದಂಡವಾದ ಕ್ರ್ಯಾಂಕ್‌ಶಾಫ್ಟಿನ 2 ಸುತ್ತಿಗೆ ಒಮ್ಮೆಯಾದ್ದರಿಂದ ಎರಡೂ ಸದ್ದುಗಳ ಲಯ ಒಂದೇ ಆಗಿರುತ್ತದೆ. ಆದ್ದರಿಂದ ತಮ್ಮ ಮೆಕ್ಯಾನಿಕ್ ಅವರನ್ನು ದೂರುವಂತಿಲ್ಲ.

ಎಂಜಿನ್ ತಣ್ಣಗಿರುವಾಗಲೇ ಒಂದೊಂದಾಗಿ ಇಂಜೆಕ್ಟರ್ (ಪೆಟ್ರೋಲ್ ಚಿಮುಕಿಸುವ ಭಾಗ) ಕನೆಕ್ಟರನ್ನು ಕೆಲವು ಕ್ಷಣ ಬಿಡಿಸಿ ನೋಡಲು ಅವರಿಗೆ ಹೇಳಿ. ಯಾವುದಾದರೂ ಒಂದನ್ನು ಬಿಡಿಸಿದಾಗ ಸದ್ದು ತಗ್ಗಿದರೆ ಆ ಸಿಲಿಂಡರಿನ ಬಳಿ ಹೊಗೆ ಸೋರುತ್ತಿದೆ ಎಂದು ತಿಳಿಯಬಹುದು. ಟ್ಯಾಪೆಟ್ ಸದ್ದಾದರೆ ಹೆಚ್ಚು ಬದಲಾಗದು. ಗ್ಯಾಸ್ಕೆಟ್ ಅಂಚಿನಲ್ಲಿ ಕಪ್ಪು ಮಸಿ ಕಂಡರಂತೂ ಸಂಶಯವೇ ಬೇಡ.

ಸದ್ದು ತಾನಾಗಿಯೇ ನಿಲ್ಲುತ್ತದೆಂದು ಉದಾಸೀನ ಮಾಡಬೇಡಿ. ಹೊಗೆಯ ಒಂದು ಅಲೆಗೂ ಮುಂದಿನದಕ್ಕೂ ನಡುವೆ ಒಳಗಿನ ಒತ್ತಡ ಕುಸಿದು ಅದೇ ಸಂದಿಯಿಂದ ಹೊರಗಾಳಿ ಒಳನುಗ್ಗಬಹುದು. ಆಗ ಹೊಗೆಯಲ್ಲಿನ ಆಮ್ಲಜನಕ ಅಳೆಯುವ ಆಕ್ಸಿಜನ್ ಸೆನ್ಸರ್ ಪೆಟ್ರೋಲ್ ಸಾಲದೆಂದು ಭಾವಿಸಿ ಎಂಜಿನ್ ನಿಯಂತ್ರಿಸುವ ಕಂಪ್ಯೂಟರಾದ ಇಸಿಯುಗೆ ತಪ್ಪು ಸೂಚನೆ ಕೊಡುತ್ತದೆ, ಅದು ಪೆಟ್ರೋಲ್ ಹೆಚ್ಚಿಸುವುದರಿಂದ ಮೈಲೇಜ್ ಇಳಿಯುತ್ತದೆ. ಇದಕ್ಕಿಂತ ಮುಖ್ಯವಾಗಿ, ವಿಷಾನಿಲವಾದ ಕಾರ್ಬನ್ ಮೊನಾಕ್ಸೈಡ್ ಕ್ಯಾಬಿನ್ನಿಗೆ ನುಸುಳುವ ಅಪಾಯವಿದೆ. ಗ್ಯಾಸ್ಕೆಟ್ ಬದಲಿಸುವ ಮುನ್ನ ಮ್ಯಾನಿಫೋಲ್ಡಿನ ಮುಖ ಸಮತಟ್ಟಾಗಿದೆಯೇ ಎಂದು ನೇರ ಅಂಚಿನ ಪಟ್ಟಿಯಾದ ಸ್ಟ್ರೇಟ್‌ಎಡ್ಜ್ ಇಟ್ಟು ಪರೀಕ್ಷಿಸಲಿ. ತುಕ್ಕು ಹಿಡಿದ ನಟ್ಟುಗಳನ್ನು ಬಲವಂತವಾಗಿ ತಿರುಗಿಸಿದರೆ ಸ್ಟಡ್ (ನಟ್ಟು ಕೂರುವ ಬೋಲ್ಟು) ಮುರಿದು ಖರ್ಚು ಹೆಚ್ಚುತ್ತದೆ.