ಹರಣಿ ಹಾಕಿಸೋಕೆ ನಂಬಿಕಸ್ತರು ಬೇಕಾ? ಫೆಬ್ರವರಿಯಲ್ಲೇ ಮಾತಾಡಿ

ಪ್ರಶ್ನೆ: ತೀರ್ಥಹಳ್ಳಿ ಹತ್ತಿರ ನಮ್ಮದು ಹಳೆಯ ಹಂಚಿನ ಮನೆ. ಅಲ್ಲಿ ಅಪ್ಪ ಅಮ್ಮ ಇಬ್ಬರೇ, ನಾನು ಬೆಂಗಳೂರಿನಲ್ಲಿ. ಕಳೆದ ವರ್ಷ ಮೇ ಕೊನೆಯಲ್ಲಿ ಸೂರಿಗೆ ಪಿವಿಸಿ ಹರಣಿ (ಮಾಡಿನಿಂದ ಇಳಿಯುವ ಮಳೆನೀರು ಹಿಡಿದು ಸಾಗಿಸುವ ದೋಣಿ) ಹಾಕಿಸಿದೆವು. ಆರ್ದ್ರಾ ಮಳೆಗೇ ಒಂದು ಕಡೆ ಜೋತುಬಿತ್ತು, ನೀರೆಲ್ಲ ಜಗಲಿಗೆ. ಪೂರ್ತಿ ದುಡ್ಡು ಕೊಟ್ಟಾಗಿತ್ತು. ಈಗ ಆ ಕಂಟ್ರಾಕ್ಟರ್ ಫೋನೇ ಎತ್ತುವುದಿಲ್ಲ. ಈ ಸಲ ನಂಬುವಂಥವರನ್ನು ಹುಡುಕುವುದು ಹೇಗೆ ಸರ್?

ಉತ್ತರ: ಎಡವಿದ್ದು ಎಲ್ಲಿ ಅಂತ ನೀವೇ ಬರೆದಿದ್ದೀರಿ. ಮೇ ಕೊನೆ, ಪೂರ್ತಿ ದುಡ್ಡು. ರೋಹಿಣಿ ಮಳೆ ಹನಿಯುವ ಹೊತ್ತಿಗೆ ಎಲ್ಲರ ಮನೆಯಲ್ಲೂ ಹಂಚು ಕೈಯಾಡಿಸುವ ಗಡಿಬಿಡಿ. ಆಗ ಒಳ್ಳೆ ಕೆಲಸಗಾರ ಬಿಡುವಾಗಿ ಸಿಗುವುದು ಕಷ್ಟ. ಅಡಿಕೆ ಕೊಯ್ಲು ಮುಗಿಯುತ್ತಿದ್ದಂತೆ, ಫೆಬ್ರವರಿ ಹೊತ್ತಿಗೇ ಮಾತಾಡಿಬಿಡಿ.

ಯಾರನ್ನು ಅಂತ ಕೇಳಿದರೆ, ಊರಲ್ಲಿ ಎರಡು ಮೂರು ಮಳೆಗಾಲ ಕಂಡ ಹರಣಿ ಯಾರ ಮನೆಯಲ್ಲಿದೆ ಹುಡುಕಿ. ಹೋಗಿ ಕಣ್ಣಾರೆ ನೋಡಿ. ಬೇಸಿಗೆಯಲ್ಲೂ ಗುಟ್ಟು ರಟ್ಟಾಗುತ್ತದೆ. ಜಾಯಿಂಟ್ ಕೆಳಗಿನ ಗೋಡೆಯಲ್ಲಿ ಒಣಗಿದ ಪಾಚಿಯ ಕಪ್ಪು ಗೆರೆ ಇದ್ದರೆ ಅಲ್ಲಿ ಸೋರಿದೆ ಅಂತಲೇ ಅರ್ಥ. ಮನೆಯವರು ಮುಲಾಜಿಗೆ ‘ಚೆನ್ನಾಗಿದೆ’ ಅನ್ನಬಹುದು, ಗೋಡೆಗೆ ಮುಲಾಜಿಲ್ಲ.

ಆಮೇಲೆ ಅವರನ್ನು ಮನೆಗೆ ಕರೆಸಿ ಸುಮ್ನೆ ಗಮನಿಸಿ. ಏಣಿ ಹತ್ತುತ್ತಾರಾ? ಟೇಪ್ ಹಿಡಿಯುತ್ತಾರಾ? ನೀರು ಕೊನೆಗೆ ಎಲ್ಲಿಗೆ ಹೋಗಬೇಕು, ಇಳಿಯುವ ಪೈಪ್ ಎಷ್ಟು ಅಂತ ಕೇಳುತ್ತಾರಾ? ಇದು ಸಣ್ಣ ವಿಷಯ ಅಲ್ಲ. ಒಂದು ಚದರ ಮೀಟರ್ ಮೇಲೆ 1 ಮಿ.ಮೀ. ಮಳೆ ಬಿದ್ದರೆ ಒಂದು ಲೀಟರ್ ನೀರು. ಮಾಡಿನ ಕೆಳಗಿನ ಜಾಗ ಸಾವಿರ ಚದರಡಿ, ಅಂದರೆ ಸುಮಾರು 93 ಚದರ ಮೀಟರ್ ಅಂತಿಟ್ಟುಕೊಳ್ಳಿ. ಗಂಟೆಗೆ 50 ಮಿ.ಮೀ. ಹೊಯ್ದರೆ 4,600 ಲೀಟರ್ ದಾಟುತ್ತದೆ. ಎರಡು ಸಾವಿರ ಲೀಟರಿನ ಟ್ಯಾಂಕ್ ಎರಡು ತುಂಬಿ ಇನ್ನೂ ಉಳಿಯಿತು. ಇದೆಲ್ಲ ಒಂದೇ ಪೈಪಿನಲ್ಲಿ ಇಳಿಯಬೇಕಾ, ಎರಡರಲ್ಲಾ? ಈ ಲೆಕ್ಕ ಹಾಕದೆ ಫೋನಿನಲ್ಲೇ ‘ಅಡಿಗೆ ಇಷ್ಟು’ ಅನ್ನುವವರನ್ನು ಬಿಟ್ಟುಬಿಡಿ.

ನಿಮ್ಮ ಹರಣಿ ಜೋತುಬಿದ್ದಿದ್ದು ಬಹುಶಃ ಬ್ರಾಕೆಟ್ಟಿನಿಂದ. ಪಿವಿಸಿಗೆ ಎರಡು ಅಡಿಗೊಂದು ಬ್ರಾಕೆಟ್ ಬೇಕು. ದುಡ್ಡು ಉಳಿಸಲು ನಾಲ್ಕೈದು ಅಡಿಗೊಂದು ಹಾಕಿದರೆ ತುಂಬಿದ ನೀರಿನ ಭಾರಕ್ಕೆ ಬಗ್ಗದೆ ಇರುತ್ತದಾ? ಇನ್ನೊಂದು, ಹಳೆ ಮನೆಗಳಲ್ಲಿ ಪಕಾಸಿಯ (ಹಂಚಿನ ಮಾಡನ್ನು ಹೊರುವ ಇಳಿಜಾರು ಮರ) ತುದಿಯನ್ನೇ ಗೆದ್ದಲು ತಿಂದಿರುತ್ತದೆ. ಮೇಲೆ ಬಣ್ಣ, ಒಳಗೆ ಹುಡಿ. ಸ್ಕ್ರೂಡ್ರೈವರ್ ಒತ್ತಿದರೆ ಸಲೀಸಾಗಿ ಒಳಗೆ ಹೋಗುತ್ತದೆ. ಹಾಗೆ ಒತ್ತಿ ನೋಡಿ ‘ಮೊದಲು ಈ ಎರಡು ಪಕಾಸಿ ಬದಲಿಸಿ, ಆಮೇಲೆ ಹರಣಿ’ ಅಂದವರ ಮೇಲೆ ಬಿಲ್ ಏರಿಸ್ತಿದ್ದಾರೆ ಅಂತ ಅನುಮಾನ ಪಡಬೇಡಿ. ನಾನಾದರೆ ಅವರಿಗೇ ಕೆಲಸ ಕೊಡುತ್ತೇನೆ.

ತಗಡಿನ ಹರಣಿ ಅಂದರೆ ಗೇಜ್ ಕೇಳಿ. ನಂಬರ್ ಕಡಿಮೆಯಾದಷ್ಟು ತಗಡು ದಪ್ಪ. 24 ಗೇಜ್ ಮಾತಾಡಿ 26 ಹಾಕಿಹೋಗುವುದು ಹಳೇ ಆಟ.

ರನ್ನಿಂಗ್ ಫೂಟ್ ದರದಲ್ಲಿ ಏನೇನು ಸೇರಿದೆ ಅಂತ ಬರೆಸಿಕೊಳ್ಳಿ. ಬ್ರಾಕೆಟ್, ಮೂಲೆ, ಇಳಿಯುವ ಪೈಪ್, ಹಳೆಯದನ್ನು ಬಿಚ್ಚುವ ಕೂಲಿ, ಸಾಗಾಟ. ವಾಟ್ಸಾಪ್ ಮೆಸೇಜ್ ಆದರೂ ಸಾಕು. ಸಾಮಾನು ನೀವೇ ಅಂಗಡಿಯಿಂದ ತಂದು ಬಿಲ್ ನಿಮ್ಮ ಹೆಸರಿಗೆ ಮಾಡಿಸಿದರೆ ಅಡ್ವಾನ್ಸ್ ತಲೆನೋವು ಅರ್ಧ ಕಡಿಮೆ.

ಕೆಲಸ ಮುಗಿದ ದಿನ ವಿಡಿಯೋ ಕಾಲ್ ಮಾಡಿ. ಹತ್ತಡಿಗೆ ಅರ್ಧ ಇಂಚಾದರೂ ಇಳಿಜಾರು ಬೇಕು. ಪೈಪಿನಿಂದ ದೂರದ ತುದಿಯಲ್ಲಿ ಎರಡು ಕೊಡ ನೀರು ಹೊಯ್ಯಿಸಿ. ಮಧ್ಯದಲ್ಲೆಲ್ಲೂ ನಿಲ್ಲಬಾರದು. ಹೊಯ್ಯುವುದು ಕೆಲಸದವರೇ. ಅಪ್ಪ ಏಣಿ ಹತ್ತುವುದು ಬೇಡವೇ ಬೇಡ.

ಐದರಲ್ಲಿ ಒಂದು ಪಾಲು ದುಡ್ಡು ಜೋರು ಮಳೆ ಬರುವ ತನಕ ಕೈಯಲ್ಲಿರಲಿ. ಒಳ್ಳೆ ಕೆಲಸಗಾರರೂ ಇದಕ್ಕೆ ಗೊಣಗುತ್ತಾರೆ. ಮಳೆ ಬಂದು ಹೋದರೂ ಬಾಕಿ ಕೊಡದ ಮನೆಯವರನ್ನು ಅವರೂ ಕಂಡಿರುತ್ತಾರೆ, ಅಲ್ವಾ? ಅದಕ್ಕೇ ತಾರೀಖು ಬರೆದುಕೊಡಿ. ಜುಲೈ 15 ಅಂದರೆ ಜುಲೈ 15ಕ್ಕೇ ಕೊಟ್ಟುಬಿಡಿ.

ಇನ್ನು ಹಳೆ ಕಂಟ್ರಾಕ್ಟರ್. ಮೊದಲು ಸ್ಪೀಡ್ ಪೋಸ್ಟಿನಲ್ಲಿ ಒಂದು ಪತ್ರ ಕಳಿಸಿ. ಬಗ್ಗದಿದ್ದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. 2019ರ ಗ್ರಾಹಕ ರಕ್ಷಣಾ ಕಾಯ್ದೆಯಲ್ಲಿ ಜಿಲ್ಲಾ ಆಯೋಗಕ್ಕೂ ದೂರು ಕೊಡಬಹುದು. ಎರಡು ವರ್ಷದೊಳಗೆ ಕೊಡಬೇಕು, ನೀವು ಕೊಟ್ಟ ದುಡ್ಡು ಐದು ಲಕ್ಷದವರೆಗಿದ್ದರೆ ಶುಲ್ಕ ಇಲ್ಲ. ಯುಪಿಐ ದಾಖಲೆ, ಮೆಸೇಜ್ ಅಳಿಸಬೇಡಿ. ಜೋತುಬಿದ್ದ ಹರಣಿ ಬಿಚ್ಚಿಸುವ ಮುಂಚೆ ನಾಲ್ಕೂ ಕಡೆಯಿಂದ ಫೋಟೊ ತೆಗೆದಿಡಿ.