ಸೈನ್ಯ ಮುಗಿಯುವ ತನಕ ಕಾಯಬೇಡಿ, ಈ ಭಾನುವಾರವೇ ಹೋಗಿ

ಹದಿನೈದು ವರ್ಷ ಬಿಟ್ಟಿದ್ದ ವಾರ್‌ಹ್ಯಾಮರ್ 40,000 (ಸಣ್ಣ ಬೊಂಬೆಗಳ ಸೈನ್ಯ ಕಟ್ಟಿ ಟೇಬಲ್ ಮೇಲೆ ಆಡುವ ಯುದ್ಧದಾಟ) ಮತ್ತೆ ಹಿಡಿಯಬೇಕು, ಯಾವ ಸೈನ್ಯ ಆರಿಸಲಿ, ಮಂಗಳೂರಿನ ಕ್ಲಬ್‌ಗೆ ಹೋಗುವ ಮೊದಲು ಎರಡು ಸಾವಿರ ಪಾಯಿಂಟಿನ (ಬೊಂಬೆಗಳ ಬಲದ ಲೆಕ್ಕ) ಸೈನ್ಯ ಪೇಂಟ್ ಮಾಡಿ ಮುಗಿಸಬೇಕಾ, ಹೊಸ ನಿಯಮ ಎಷ್ಟು ಕಲಿತಿರಬೇಕು ಅಂತ ಕೇಳಿದ್ದೀರಿ. ಇದೇ ಲೆಕ್ಕಾಚಾರದಲ್ಲಿ ನಾನು ಇಡೀ ಒಂದು ವರ್ಷ ಕಳೆದುಕೊಂಡೆ. ಮುಗಿಸಬೇಕಾಗಿಲ್ಲ, ಕಲಿಯಬೇಕಾಗಿಯೂ ಇಲ್ಲ. ಮೊದಲು ಹೋಗಿ.

ದುಬೈಯಲ್ಲಿ ಕೆಲಸದಲ್ಲಿದ್ದಾಗ ನಾನು ಆಡುತ್ತಿದ್ದದ್ದು 2008ರಲ್ಲಿ ಬಂದ ನಿಯಮಗಳ ಐದನೇ ಎಡಿಷನ್. ಊರಿಗೆ ವಾಪಸ್ ಬಂದ ಮೇಲೆ ನನ್ನ ಸೈನ್ಯದ ಸ್ಪೇಸ್ ಮರೀನ್ ಬೊಂಬೆಗಳೆಲ್ಲ ಅಮ್ಮನ ಮನೆಯ ಅಟ್ಟ ಸೇರಿದವು. ಮತ್ತೆ ತೆಗೆದು ನೋಡಿದರೆ ಪೆಟ್ಟಿಗೆಯೊಳಗಿನ ಫೋಮ್ ಅಂಟಂಟಾಗಿ ಬೊಂಬೆಗಳ ಮೈಗೆ ಮೆತ್ತಿಕೊಂಡಿತ್ತು. ನಮ್ಮ ಕರಾವಳಿಯ ತೇವಕ್ಕೆ ಪಾಲಿಯುರಿಥೇನ್ ಫೋಮ್ ತಡೆಯುವುದಿಲ್ಲ, ನಿಧಾನಕ್ಕೆ ಕರಗುತ್ತದೆ. ಪುಣ್ಯಕ್ಕೆ ಬೊಂಬೆಯ ಪ್ಲಾಸ್ಟಿಕ್‌ಗೆ ಏನೂ ಆಗಿರಲಿಲ್ಲ. ಸೋಪಿನ ನೀರು, ಹಳೆ ಹಲ್ಲುಜ್ಜುವ ಬ್ರಶ್ ಹಿಡಿದು ಕೂತರೆ ಎಲ್ಲ ಹೋಯಿತು. ನಿಮ್ಮ ಹಳೆ ಪೆಟ್ಟಿಗೆಯಲ್ಲೂ ಫೋಮ್ ಇದ್ದರೆ ಇವತ್ತೇ ತೆಗೆದು ಬಿಸಾಕಿ.

ಆಗ ವಾಟ್ಸ್ಯಾಪ್‌ನಲ್ಲಿ ಮಣಿಪಾಲದ ಇಬ್ಬರು ಇಂಜಿನಿಯರಿಂಗ್ ಹುಡುಗರ ಪರಿಚಯ ಆಯಿತು. ಒಬ್ಬನ ಹತ್ತಿರ ಅದೇ ಆಟದ ಆರ್ಕ್ ಸೈನ್ಯ, ಇನ್ನೊಬ್ಬನ ಹತ್ತಿರ ಟಿರಾನಿಡ್ ಸೈನ್ಯ. ಭಾನುವಾರ ಮಧ್ಯಾಹ್ನ ಮಂಗಳೂರಿನ ಕದ್ರಿ ಕಡೆ ಒಂದು ಕೆಫೆಯ ಮೇಲಿನ ಹಾಲ್‌ನಲ್ಲಿ ಎಲ್ಲ ಸೇರುತ್ತೇವೆ, ಬನ್ನಿ ಅಂತ ಅವರೇ ಎಷ್ಟೋ ಸಲ ಕರೆದರು. ನಾನು ಮಾತ್ರ "ಸೈನ್ಯ ರೆಡಿ ಆಗಲಿ" ಅಂತ ಮುಂದೂಡುತ್ತಾ ಹೋದೆ. ದುಬೈಯ ಟೂರ್ನಮೆಂಟುಗಳಲ್ಲಿ ಕನಿಷ್ಠ ಮೂರು ಬಣ್ಣವಾದರೂ ಹಚ್ಚದ ಬೊಂಬೆಯನ್ನು ಟೇಬಲ್ಲಿಗೆ ಇಳಿಸಲು ಬಿಡುತ್ತಿರಲಿಲ್ಲ, ಆ ಶಿಸ್ತು ತಲೆಯಲ್ಲಿ ಕೂತಿತ್ತು. ಬರಿಗೈಯಲ್ಲಿ ಹೋದರೆ ಮರ್ಯಾದೆ ಅಲ್ಲ ಅನಿಸುತ್ತಿತ್ತು.

ಕೆಲಸವನ್ನು ಪ್ರೀತಿಯಿಂದಲೇ ಮಾಡಿದೆ. ಬೊಂಬೆಯ ಕಾಲಡಿಯ ಬೇಸ್‌ಗೆ ಅಂಗಡಿಯ ದುಬಾರಿ ಟೆಕ್ಸ್ಚರ್ ಪೇಸ್ಟ್ ತರಿಸಲಿಲ್ಲ. ಮನೆ ಹಿಂದೆ ಉಳಿದಿದ್ದ ಕೆಂಪುಕಲ್ಲಿನ ತುಂಡು ಕುಟ್ಟಿ, ಚಹಾ ಸೋಸುವ ಜರಡಿಯಲ್ಲಿ ಜಾಲಿಸಿ, ಬಿಸಿಲಿಗೆ ಒಣಗಿಸಿ, ನೀರು ಬೆರೆಸಿದ ಫೆವಿಕಾಲ್ ಮೇಲೆ ಉದುರಿಸಿದೆ. ಮಂಗಳ ಗ್ರಹದ ನೆಲ ಬೇಕು ಅನ್ನುವವರಿಗೆ ಇದಕ್ಕಿಂತ ಒಳ್ಳೆಯದು ಸಿಗಲಿಕ್ಕಿಲ್ಲ. ಬಣ್ಣವನ್ನೂ ಹಚ್ಚುವುದು ಬೇಡ. ತೆಂಗಿನ ನಾರನ್ನು ಸಣ್ಣಗೆ ಕತ್ತರಿಸಿ ನೆಟ್ಟರೆ ಒಣ ಹುಲ್ಲು. ಒಡೆದ ಹಂಚಿನ ಚೂರು ಬಿದ್ದ ಗೋಡೆ. ಕಡೆಯ ಬೊಂಬೆ ಮುಗಿಯುವಾಗ ಜುಲೈ ಬಂದಿತ್ತು, ತುಳುನಾಡಿನ ಮಳೆಯ ತಿಂಗಳು ಆಟಿ ಶುರುವಾಗಿತ್ತು. ಉಳಿದದ್ದು ಒಂದೇ ಕೆಲಸ: ಬಣ್ಣ ಉಜ್ಜಿ ಹೋಗದಂತೆ ಮ್ಯಾಟ್ (ಹೊಳಪಿಲ್ಲದ) ವಾರ್ನಿಷ್ ಸ್ಪ್ರೇ.

ಇಲ್ಲಿ ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ. ನೀವು ಬೇರೆಲ್ಲ ಮರೆತರೂ ಇದನ್ನು ಮರೆಯಬಾರದು. ಸ್ಪ್ರೇ ಡಬ್ಬಿಯ ಮೇಲೆ ಒಣ ಹವೆಯಲ್ಲಿ ಬಳಸಿ ಅಂತ ಬರೆದಿರುತ್ತದೆ, ಅದು ಸುಮ್ಮನೆ ಬರೆದದ್ದಲ್ಲ. ಸ್ಪ್ರೇಯಲ್ಲಿರುವ ದ್ರಾವಕ ಬೊಂಬೆಯ ಮೇಲೆ ಬಿದ್ದ ಕೂಡಲೇ ಆವಿಯಾಗಿ ಹಾರುತ್ತದೆ. ಹಾರುವಾಗ ಮೇಲ್ಮೈಯ ಬಿಸಿ ಎಳೆದುಕೊಂಡು ಹೋಗುವುದರಿಂದ ಅಲ್ಲಿ ತಣ್ಣಗಾಗುತ್ತದೆ. ತಣ್ಣಗಾದ ಕಡೆ ಗಾಳಿಯ ನೀರು ಹನಿಗಟ್ಟಿ, ಇನ್ನೂ ಒಣಗದ ವಾರ್ನಿಷ್‌ನೊಳಗೆ ಸಿಕ್ಕಿಹಾಕಿಕೊಳ್ಳುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣ ಹನಿಗಳು, ಆದರೆ ಬೆಳಕನ್ನೆಲ್ಲ ಚದುರಿಸಿಬಿಡುತ್ತವೆ. ಅದಕ್ಕೇ ಪದರ ಹಾಲಿನ ಹಾಗೆ ಬಿಳಿಚಿಕೊಳ್ಳುವುದು. ಜುಲೈಯಲ್ಲಿ ಮಂಗಳೂರಿನ ಗಾಳಿಯ ತೇವಾಂಶ ಶೇ. 90ರ ಹತ್ತಿರ ಇರುತ್ತದೆ. ಮಳೆ ನಿಂತಿದೆ, ಜಗಲಿ ಒಣಗಿದೆ ಅಂದರೆ ಗಾಳಿ ಒಣಗಿದೆ ಅಂತಲ್ಲ. ನಾನು ಜಗಲಿಯಲ್ಲಿ ಪೇಪರ್ ಹಾಸಿ, ಮಳೆ ಬಿಟ್ಟ ಒಂದು ಗಂಟೆ ನೋಡಿಕೊಂಡು, ಇಡೀ ಸೈನ್ಯವನ್ನು ಒಟ್ಟಿಗೆ ಸಾಲಾಗಿ ನಿಲ್ಲಿಸಿ ಹೊಡೆದೆ. ಒಂದನ್ನು ಹೊಡೆದು, ಒಣಗಲು ಬಿಟ್ಟು ನೋಡಿದ್ದರೆ ಉಳಿದವು ಉಳಿಯುತ್ತಿದ್ದವು. ಆ ವಾರದ ಭಾನುವಾರಕ್ಕೆ ಮುಗಿಸಬೇಕೆಂಬ ಅವಸರ. ಒಣಗಿದ ಮೇಲೆ ನೋಡಿದರೆ ನೀಲಿ ರಕ್ಷಾಕವಚ, ಕೆಂಪು ಕಣ್ಣು, ಭುಜದ ಮೇಲೆ ಕೈಯಲ್ಲೇ ಬಿಡಿಸಿದ್ದ ಚಿಹ್ನೆಗಳು, ಎಲ್ಲದರ ಮೇಲೂ ಬೂದಿ ಎರಚಿದ ಹಾಗಿತ್ತು. ಹೊಳಪಿನ ವಾರ್ನಿಷ್ಷನ್ನು ಬ್ರಶ್‌ನಲ್ಲಿ ಹಚ್ಚಿದರೆ ಬಿಳಿ ಇಳಿಯುತ್ತದೆ ಅನ್ನುತ್ತಾರೆ, ಕೆಲವದರಲ್ಲಿ ಇಳಿಯಿತು ಕೂಡ. ಮಡಿಕೆಗಳಲ್ಲಿ, ಬಂದೂಕಿನ ಸಂದಿಗಳಲ್ಲಿ ಹೋಗಲೇ ಇಲ್ಲ. ಹೆಚ್ಚಿನವನ್ನು ತೊಳೆದು ಮತ್ತೆ ಮೊದಲಿಂದ ಶುರು ಮಾಡಿದೆ.

ಬಣ್ಣ ಹೋದದ್ದಕ್ಕೆ ಇವತ್ತು ನನಗೆ ಅಷ್ಟು ಬೇಸರ ಇಲ್ಲ. ಎರಡನೇ ಸಲ ಪೇಂಟ್ ಮಾಡುವಷ್ಟರಲ್ಲಿ ಮುಂದಿನ ಬೇಸಿಗೆ ಬಂತು, ಆ ಇಬ್ಬರು ಹುಡುಗರ ಕೋರ್ಸ್ ಮುಗಿಯಿತು. ಒಬ್ಬ ಪುಣೆಗೆ, ಇನ್ನೊಬ್ಬ ಹೈದರಾಬಾದ್‌ಗೆ. ಆರ್ಕ್‌ಗಳೂ ಹೋದವು, ಟಿರಾನಿಡ್‌ಗಳೂ ಹೋದವು. ವರ್ಷವಿಡೀ ಕರೆದವರ ಎದುರು ನಾನು ಒಂದೇ ಒಂದು ಆಟ ಆಡಲಿಲ್ಲ. ಅದು ಇನ್ನೂ ಚುಚ್ಚುತ್ತದೆ.

ಬೊಂಬೆ ಆರ್ಡರ್ ಮಾಡಿದರೆ ಬರುತ್ತದೆ, ಬಣ್ಣವೂ ಬರುತ್ತದೆ. ಮಂಗಳೂರು, ಉಡುಪಿ, ಮಣಿಪಾಲ ಮೂರೂ ಸೇರಿಸಿದರೂ ಎದುರು ಕೂತು ಆಡುವವರು ಬೆರಳೆಣಿಕೆ. ಅವರಲ್ಲೂ ಅರ್ಧ ಜನ ವಿದ್ಯಾರ್ಥಿಗಳು, ನಾಲ್ಕು ವರ್ಷಕ್ಕೆ ಊರು ಬಿಡುವವರು. ಹಾಗಾಗಿ ಯಾವ ಸೈನ್ಯ ಅಂತ ನೀವು ಕೇಳಿದ್ದೇ ಮೊದಲಿಗೆ ಕೇಳಬೇಕಾದ ಪ್ರಶ್ನೆ ಅಲ್ಲ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಯಾರ ಜೊತೆ, ಅವರು ಏನು ಆಡುತ್ತಾರೆ, ಅದನ್ನು ತಿಳಿದುಕೊಳ್ಳಿ.

ಕೊನೆಗೂ ಹೋದಾಗ ನನಗೆ ಗೊತ್ತಿದ್ದ ಆಟ ಅಲ್ಲಿ ಇರಲೇ ಇಲ್ಲ. ಸ್ಫೋಟ ಅಳೆಯುವ ದುಂಡನೆ ಟೆಂಪ್ಲೇಟ್ ಜೋಪಾನವಾಗಿ ಹಿಡಿದುಕೊಂಡು ಹೋಗಿದ್ದೆ. ಅದನ್ನೂ, ಟ್ಯಾಂಕಿನ ಮುಂದೆ-ಪಕ್ಕ-ಹಿಂದೆ ಬೇರೆ ಬೇರೆ ಇದ್ದ ಆರ್ಮರ್ ಅಂಕಿಯನ್ನೂ 2017ರ ಎಂಟನೇ ಎಡಿಷನ್ನೇ ತೆಗೆದುಹಾಕಿತ್ತು. ಒಂದು ಗಾಯಕ್ಕೆ ಸಾಯುತ್ತಿದ್ದ ಮರೀನ್‌ಗೆ ಈಗ ಎರಡು. 2023ರ ಹತ್ತನೇ ಎಡಿಷನ್ನನ್ನು ಒಬ್ಬ ಹುಡುಗಿ ಟೇಬಲ್ ಮುಂದೆ ನಿಂತೇ ಕಲಿಸಿದಳು, ಮೂರನೇ ರೌಂಡಿಗೆ ಕೈ ಕುದುರಿತು. ಮನೆಯಲ್ಲಿ ಕೂತು ಪಿಡಿಎಫ್ ಓದಿದ್ದೆಲ್ಲ ದಂಡ. ಹೆಚ್ಚಿನವರು ಆಡುತ್ತಿದ್ದದ್ದು ಕಿಲ್ ಟೀಮ್, ಅಂದರೆ ಅದೇ ಲೋಕದ ಸಣ್ಣ ಆಟ, ತಂಡಕ್ಕೆ ಹತ್ತು-ಹನ್ನೆರಡು ಬೊಂಬೆ ಸಾಕು. 30 ಇಂಚು ಉದ್ದ 22 ಇಂಚು ಅಗಲದ ಬೋರ್ಡ್, ಹೆಚ್ಚುಕಡಿಮೆ ಕೇರಂ ಬೋರ್ಡಿನಷ್ಟು ಜಾಗ. ನನ್ನ ಎರಡು ಸಾವಿರ ಪಾಯಿಂಟ್ ಇಳಿಸುವಷ್ಟು ದೊಡ್ಡ ಟೇಬಲ್ಲೇ ಅಲ್ಲಿರಲಿಲ್ಲ. ಯಾರೂ ಬಣ್ಣದ ಬಗ್ಗೆ ಒಂದು ಮಾತು ಕೇಳಲಿಲ್ಲ. ಅರ್ಧ ಬೊಂಬೆಗಳು ಬೂದು ಪ್ಲಾಸ್ಟಿಕ್ಕಿನಲ್ಲೇ ಓಡಾಡುತ್ತಿದ್ದವು.

ಇನ್ನೊಂದು ಟೇಬಲ್‌ನಲ್ಲಿ ಬ್ಯಾಂಕಿನಿಂದ ನಿವೃತ್ತರಾದ ಒಬ್ಬ ಹಿರಿಯರು ಇದ್ದರು. ಅವರದ್ದು 1783ರ ಮಂಗಳೂರು ಮುತ್ತಿಗೆ, 15 ಮಿಲಿಮೀಟರ್ ಬೊಂಬೆಗಳಲ್ಲಿ. ಕೋಟೆಯೊಳಗೆ ಬ್ರಿಟಿಷ್ ಸೇನಾಧಿಕಾರಿ ಕ್ಯಾಂಪ್‌ಬೆಲ್, ಹೊರಗೆ ಟಿಪ್ಪು, ಟಿಪ್ಪುವಿನ ಜೊತೆ ಫ್ರೆಂಚರು. ಯುರೋಪಿನಲ್ಲಿ ಶಾಂತಿಯಾಯಿತೆಂಬ ಸುದ್ದಿ ಬಂದು ಫ್ರೆಂಚರು ಹಿಂದೆ ಸರಿದರಲ್ಲ, ಅದಕ್ಕೆ ಅವರು ಒಂದು ಕಾರ್ಡ್ ಮಾಡಿಟ್ಟಿದ್ದಾರೆ. ಯಾವ ರೌಂಡಿನಲ್ಲಿ ಎದ್ದು ಬರುತ್ತದೋ ಗೊತ್ತಿಲ್ಲ, ಬಂತೆಂದರೆ ಟಿಪ್ಪು ಆಡುವವನ ಫಿರಂಗಿಗಳಲ್ಲಿ ಒಂದು ಪಾಲು ಟೇಬಲ್‌ನಿಂದ ಹೊರಗೆ. ಕೋಟೆಯೊಳಗಿನ ಕಡೆ ಆಡುವವನು ಪ್ರತಿ ರೌಂಡೂ ದಾಳ ಉರುಳಿಸಿ ಅಕ್ಕಿ ಕಳೆಯಬೇಕು. ಕೋಟೆ ಬಿದ್ದದ್ದು 1784ರ ಜನವರಿಯಲ್ಲಿ, ಹಸಿವು ಮತ್ತು ಕಾಯಿಲೆಗೆ. ಆ ಆಟದಲ್ಲೂ ಗೋಡೆಗಿಂತ ಮೊದಲು ಅಕ್ಕಿ ಮುಗಿಯುತ್ತದೆ. ಬೋಳೂರಿನಲ್ಲಿರುವ ಟಿಪ್ಪುವಿನ ಕಾವಲು ಬುರುಜು ಸುಲ್ತಾನ್ ಬತ್ತೇರಿಯ ಮೇಲೆ ಎಷ್ಟು ಸಲ ಹತ್ತಿದ್ದೇನೋ, ಮಾರಾಯ್ರೆ, ಆ ಚರಿತ್ರೆ ನನಗೆ ಅರ್ಥವಾದದ್ದು ಆ ಟೇಬಲ್ ಎದುರು. ಈಗ ನನ್ನ ಹೆಚ್ಚಿನ ಭಾನುವಾರ ಅಲ್ಲೇ ಹೋಗುತ್ತದೆ, ಮರೀನ್‌ಗಳು ಎರಡನೇ ಸಾಲಿಗೆ. ಮನೆಯಲ್ಲೇ ಕೂತು ನಿರ್ಧರಿಸಿದ್ದರೆ ಈ ಆಟ ನನ್ನ ಪಟ್ಟಿಯಲ್ಲೇ ಬರುತ್ತಿರಲಿಲ್ಲ.

ಹೋಗುವಾಗ ಇಂಚು ಟೇಪು, ನಾಲ್ಕಾರು ದಾಳ, ಹಳೆಯ ಬೊಂಬೆಗಳಲ್ಲಿ ಒಂದು ಹತ್ತು ತೆಗೆದುಕೊಂಡು ಹೋಗಿ. ಬೇಸ್ 25 ಮಿಲಿಮೀಟರ್ ಹಳೆಯದು, ಈಗ 32 ಬೇಕಲ್ಲ ಅಂತ ತಲೆಕೆಡಿಸಿಕೊಳ್ಳಬೇಡಿ, ಸ್ನೇಹದ ಆಟಕ್ಕೆ ಅದನ್ನು ಯಾರೂ ಅಳೆಯುವುದಿಲ್ಲ. ಹೊಸ ಪೆಟ್ಟಿಗೆ ಕೊಳ್ಳುವುದನ್ನು ಮೂರ್ನಾಲ್ಕು ಆಟ ಆದ ಮೇಲೆ ಯೋಚಿಸಿ. ಮಳೆಗಾಲದಲ್ಲಿ ಪ್ರೈಮರ್ (ಬಣ್ಣಕ್ಕೆ ಮೊದಲಿನ ಪದರ), ವಾರ್ನಿಷ್ ಎರಡನ್ನೂ ಬ್ರಶ್‌ನಲ್ಲೇ ಹಚ್ಚಿ, ಸ್ಪ್ರೇಯನ್ನು ಡಿಸೆಂಬರ್-ಜನವರಿಯ ಒಣ ಮಧ್ಯಾಹ್ನಕ್ಕೆ ಇಡಿ. ಮಣಿಪಾಲದವರ ಪರೀಕ್ಷೆ ಶುರುವಾದರೆ ಹಾಲ್ ಅರ್ಧ ಖಾಲಿಯಾಗುತ್ತದೆ, ಅದಕ್ಕೆ ಮೊದಲೇ ಒಮ್ಮೆ ಮುಖ ತೋರಿಸಿ ಬನ್ನಿ.