ಹಳೇ ಹಡಗಿಗೆ ಯಾಕಿಷ್ಟು ರಿಪೇರಿ? – ಸಂಪಾದಕರ ಉತ್ತರ

ಕಳೆದ ಸಂಚಿಕೆಯಲ್ಲಿ ಬ್ರಿಟನ್ನಿನ ‘ವಾರ್‌ಸ್ಪೈಟ್’ ಯುದ್ಧನೌಕೆಯ ಬಗ್ಗೆ ನಾವು ಬರೆದದ್ದನ್ನು ಓದಿ ನೀವು ನೇರವಾಗಿಯೇ ಕೇಳಿದ್ದೀರಿ. ಹೋದಲ್ಲೆಲ್ಲ ಪೆಟ್ಟು ತಿಂದು ಬಂದ ಹಡಗನ್ನು ಇಷ್ಟು ಹೊಗಳಬೇಕಾ, ಹಳೆಯದಕ್ಕೆ ದುಡ್ಡು ಸುರಿಯುವ ಬದಲು ಹೊಸದನ್ನೇ ಕಟ್ಟಬಹುದಿತ್ತಲ್ವಾ ಅಂತ. ಒಳ್ಳೆಯ ಪ್ರಶ್ನೆ. ರಿಪೇರಿಯ ಕಥೆಯನ್ನು ನಾವು ಎರಡೇ ಸಾಲಿನಲ್ಲಿ ಮುಗಿಸಿದ್ದೆವು, ಅದು ನಮ್ಮ ತಪ್ಪು.

ಮೊದಲು ಕಟ್ಟಿದ ಕಥೆ. 1912ರ ಅಕ್ಟೋಬರಿನಲ್ಲಿ ಡೆವನ್‌ಪೋರ್ಟ್ ಡಾಕ್‌ಯಾರ್ಡಿನಲ್ಲಿ ಕೆಲಸ ಶುರುವಾಯಿತು, ಮರುವರ್ಷ ನವೆಂಬರಿನಲ್ಲಿ ನೀರಿಗಿಳಿಯಿತು, 1915ರಲ್ಲಿ ನೌಕಾಪಡೆ ಸೇರಿತು. 15 ಇಂಚಿನ ಎಂಟು ಫಿರಂಗಿಗಳು, ಒಂದೊಂದು ಗುಂಡಿನ ತೂಕವೇ 870 ಕಿಲೋ ಹತ್ತಿರ. ಕಲ್ಲಿದ್ದಲು ಬಿಟ್ಟು ಪೂರ್ತಿ ಎಣ್ಣೆಯಿಂದಲೇ ಓಡುವ ಹಡಗು, ಆ ಕಾಲಕ್ಕೆ ಅದು ದೊಡ್ಡ ಧೈರ್ಯ, ಯಾಕಂದ್ರೆ ಬ್ರಿಟನ್ನಿನಲ್ಲಿ ಕಲ್ಲಿದ್ದಲು ಬೇಕಾದಷ್ಟಿತ್ತು, ಎಣ್ಣೆ ಮಾತ್ರ ಹೊರಗಿನಿಂದ ಬರಬೇಕಿತ್ತು.

ಮೊದಲ ಮಹಾಯುದ್ಧದಲ್ಲಿ, 1916ರ ಮೇ 31ರಂದು, ಬ್ರಿಟನ್ ಮತ್ತು ಜರ್ಮನಿಯ ನೌಕಾಪಡೆಗಳ ನಡುವಿನ ಜಟ್‌ಲೆಂಡ್ ಕದನದಲ್ಲಿ ಚುಕ್ಕಾಣಿ ಸಿಕ್ಕಿಹಾಕಿಕೊಂಡಿತು. ಶತ್ರುಗಳ ಕಣ್ಣೆದುರೇ ಹಡಗು ಸುತ್ತು ಹೊಡೆಯತೊಡಗಿತು. ಜರ್ಮನ್ನರ ಗುಂಡುಗಳೆಲ್ಲ ಇದರ ಕಡೆಗೆ ತಿರುಗಿದವು, ಅಷ್ಟರಲ್ಲಿ ಪಕ್ಕದಲ್ಲಿ ಜಖಂಗೊಂಡಿದ್ದ ಬ್ರಿಟನ್ನಿನದೇ ‘ವಾರಿಯರ್’ ಕ್ರೂಸರ್ ತಪ್ಪಿಸಿಕೊಂಡಿತು. ವಾರ್‌ಸ್ಪೈಟಿನಲ್ಲಿ 14 ಜನ ಸತ್ತರು. ಹಡಗು ತನ್ನ ಎಂಜಿನ್ನಿನಲ್ಲೇ ರೊಸೈತ್ ಬಂದರು ಸೇರಿತು. ಚುಕ್ಕಾಣಿಯ ತೊಂದರೆ ಆಮೇಲೂ ಆಗಾಗ ಕಾಡಿತು.

ಈಗ ನಿಮ್ಮ ಮುಖ್ಯ ಪ್ರಶ್ನೆ. ಹೊಸದನ್ನು ಕಟ್ಟಲು ದಾರಿಯೇ ಇರಲಿಲ್ಲ. ದೊಡ್ಡ ದೇಶಗಳು ಯುದ್ಧನೌಕೆ ಕಟ್ಟುವುದಕ್ಕೆ ಮಿತಿ ಹಾಕಿಕೊಂಡ 1922ರ ವಾಷಿಂಗ್ಟನ್ ಒಪ್ಪಂದ, 1930ರ ಲಂಡನ್ ಒಪ್ಪಂದ ಎರಡೂ ಸೇರಿ 1936ರ ಕೊನೆವರೆಗೆ ಬ್ರಿಟನ್ನಿನ ಕೈ ಕಟ್ಟಿದ್ದವು. ಹಾಗಾಗಿ 1934ರಲ್ಲಿ ವಾರ್‌ಸ್ಪೈಟನ್ನು ಪೋರ್ಟ್ಸ್‌ಮತ್ ಡಾಕ್‌ಯಾರ್ಡಿಗೆ ತಂದು ಹೊಟ್ಟೆ ಬಗೆದು ಎಲ್ಲ ಹೊಸದು ಹಾಕಿದರು. ಮೂರು ವರ್ಷ ಹಿಡಿಯಿತು. 24 ಬಾಯ್ಲರ್ ಇದ್ದ ಜಾಗಕ್ಕೆ ಆರೇ ಸಾಕಾದವು. 20 ಡಿಗ್ರಿವರೆಗೆ ಮಾತ್ರ ಏಳುತ್ತಿದ್ದ ಫಿರಂಗಿ 30 ಡಿಗ್ರಿ ಏಳುವಂತಾಯಿತು, ಗುಂಡು ಇನ್ನೂ ದೂರ ಹೋಗುವಂತಾಯಿತು.

ಈ ಹತ್ತು ಡಿಗ್ರಿಯಲ್ಲೇ ನಿಮ್ಮ ಪ್ರಶ್ನೆಗೆ ಉತ್ತರ ಇದೆ. 1940ರ ಜುಲೈ 9ರಂದು ಇಟಲಿಯ ಕಲಾಬ್ರಿಯಾ ಕರಾವಳಿಯ ಆಚೆ, ಓಡುತ್ತಿದ್ದ ವಾರ್‌ಸ್ಪೈಟ್ ಓಡುತ್ತಿದ್ದ ಇಟಲಿಯ ಯುದ್ಧನೌಕೆ ‘ಜೂಲಿಯೊ ಚೇಸರೆ’ಗೆ ಸುಮಾರು 24 ಕಿಲೋಮೀಟರ್ ದೂರದಿಂದ ಗುರಿ ಇಟ್ಟು ಹೊಡೆಯಿತು. ಹಳೇ ಜೋಡಣೆಯೇ ಇದ್ದಿದ್ದರೆ ಗುಂಡು ಅಲ್ಲಿವರೆಗೆ ಹೋಗುತ್ತಲೇ ಇರಲಿಲ್ಲ! ನನಗೆ ಇದರಲ್ಲಿ ಫಿರಂಗಿ ಹಾರಿಸಿದವರಷ್ಟೇ ಪೋರ್ಟ್ಸ್‌ಮತ್‌ನ ಫಿಟ್ಟರುಗಳೂ ಕಾಣುತ್ತಾರೆ.

ಆಮೇಲೆ ಪೆಟ್ಟಿನ ಮೇಲೆ ಪೆಟ್ಟು, ನಿಜ. 1941ರ ಮೇನಲ್ಲಿ ಕ್ರೀಟ್ ಹತ್ತಿರ ಬಾಂಬು ಬಿದ್ದು, ರಿಪೇರಿಗೆ ಅಮೆರಿಕದ ಬ್ರೆಮರ್ಟನ್ ತನಕ ಹೋಗಬೇಕಾಯಿತು. 1942ರಲ್ಲಿ ನಮ್ಮ ಹಿಂದೂ ಮಹಾಸಾಗರಕ್ಕೂ ಬಂದು ಅಡ್ಮಿರಲ್ ಸಾಮರ್ವಿಲ್ ಅವರ ಪಡೆಯ ಮುಂದಾಳು ಹಡಗಾಗಿತ್ತು. 1943ರ ಸೆಪ್ಟೆಂಬರಿನಲ್ಲಿ ಸಲೆರ್ನೊ ಬಳಿ ಜರ್ಮನ್ನರ ರೇಡಿಯೊ ನಿಯಂತ್ರಿತ ಬಾಂಬು ಡೆಕ್ಕುಗಳನ್ನೆಲ್ಲ ಸೀಳಿಕೊಂಡು ಹೋಗಿ ತಳವನ್ನೇ ಒಡೆಯಿತು. ಒಳಗೆ ಸಾವಿರಾರು ಟನ್ ನೀರು. ಆ ತೂತಿಗೆ ಕಾಂಕ್ರೀಟ್ ಮುಚ್ಚಿ, ನಾಲ್ಕರಲ್ಲಿ ಒಂದು ಟರೆಟ್ (ಫಿರಂಗಿ ಕೂರಿಸಿದ ತಿರುಗುವ ಗೋಪುರ) ಕೆಲಸ ಮಾಡದಿದ್ದರೂ 1944ರ ಜೂನ್ 6ರ ಬೆಳಗ್ಗೆ ನಾರ್ಮಂಡಿ ತೀರದ ಮುಂದೆ ನಿಂತು ಗುಂಡು ಹಾರಿಸಿತು. ಒಂದೇ ವಾರದಲ್ಲಿ ಹಾರ್ವಿಚ್ ಹತ್ತಿರ ಮೈನ್ ಸಿಡಿಯಿತು. ಮತ್ತೆ ತೇಪೆ, ನವೆಂಬರಿನಲ್ಲಿ ನೆದರ್ಲೆಂಡ್ಸಿನ ವಾಲ್ಖೆರೆನ್ ಮೇಲೆ ದಾಳಿಗೆ ಹಾಜರು.

ಮ್ಯೂಸಿಯಂ ಮಾಡಿ ಉಳಿಸಲಿಲ್ಲ, ಗುಜರಿಗೆ ಮಾರಿದರು. ನನಗೆ ಇಂದಿಗೂ ಬೇಜಾರು. 1947ರ ಏಪ್ರಿಲ್‌ನಲ್ಲಿ ಟಗ್‌ಗಳು ಎಳೆದೊಯ್ಯುವಾಗ ಬಿರುಗಾಳಿಗೆ ಹಗ್ಗ ಹರಿದು ಕಾರ್ನ್‌ವಾಲ್‌ನ ಪ್ರಷ್ಯಾ ಕೋವ್ ಬಂಡೆಗಳಿಗೆ ಹೋಗಿ ಬಡಿಯಿತು. ಮೇಲಿದ್ದ ಎಂಟು ಜನರನ್ನು ಪೆನ್‌ಲೀ ಲೈಫ್‌ಬೋಟಿನವರು ಜೀವ ಪಣಕ್ಕಿಟ್ಟು ಇಳಿಸಿಕೊಂಡರು. ಹಡಗು ಮಾತ್ರ ಗುಜರಿಯ ಅಂಗಳ ಸೇರಲೇ ಇಲ್ಲ. ಅದೇ ಕರಾವಳಿಯಲ್ಲಿ, ಸೇಂಟ್ ಮೈಕೇಲ್ಸ್ ಮೌಂಟ್ ಹತ್ತಿರ, ವರ್ಷಗಟ್ಟಲೆ ತುಂಡು ತುಂಡಾಗಿ ಕತ್ತರಿಸಿ ಸಾಗಿಸಿದರು.